ರಾಜ್ಯ ಒಡೆಯುವುದು ಗಡಿಯಿಂದಲ್ಲ, ರಾಜಧಾನಿಯಿಂದ

ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತು ಸಾಮಾನ್ಯ ಬಹುಮತದಿಂದಲೇ ಹೊಸ ರಾಜ್ಯ ರಚಿಸಬಹುದು, ಇದ್ದ ರಾಜ್ಯದ ಗಡಿ ಕದಲಿಸಬಹುದು, ಹೆಸರು ಬದಲಿಸಬಹುದು. ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಗಡಿ ಬದಲಿಸಲು ಇಷ್ಟು ಸಲೀಸಾದ ದಾರಿ ಮಾಡಿಕೊಟ್ಟ ನಮ್ಮ ಸಂವಿಧಾನ, ರಾಜ್ಯವೊಂದರ ರಾಜಧಾನಿ ಎಲ್ಲಿರಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. 174ನೇ ವಿಧಿ ವಿಧಾನಮಂಡಲದ ಅಧಿವೇಶನವನ್ನು ರಾಜ್ಯಪಾಲರು ತಮಗೆ ಸೂಕ್ತ ಕಂಡ ಜಾಗದಲ್ಲಿ ಕರೆಯಬಹುದು ಎನ್ನುತ್ತದೆ, ಅಷ್ಟೆ. ಈ ಮೌನ ನಮ್ಮ ಸಾರ್ವಜನಿಕ ಚರ್ಚೆಗೂ ಅಂಟಿಕೊಂಡಿದೆ. ರಾಜ್ಯ ವಿಂಗಡಣೆಯ ಮಾತು ಬಂದರೆ ನಾವು ಭಾಷೆ, ಜಿಲ್ಲೆ, ನದಿ ನೀರು, ಜನಸಂಖ್ಯೆಯ ಲೆಕ್ಕ ಹಾಕುತ್ತೇವೆ. ರಾಜಧಾನಿಯನ್ನು ಮಾತ್ರ ಕೊನೆಯಲ್ಲಿ, ಯಾವುದೋ ದೊಡ್ಡ ಊರಿನ ಹೆಸರು ಬರೆದು ಮುಗಿಸುತ್ತೇವೆ. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಹೊಲ ಅಳೆಯುವುದು ಸುಲಭ, ವ್ಯಾಜ್ಯ ಹುಟ್ಟುವುದು ಬಾವಿಯ ವಿಷಯಕ್ಕೆ ಬಂದಾಗ. ರಾಜ್ಯಗಳ ಕತೆಯೂ ಹಾಗೆಯೇ ಇದೆ. ಕಳೆದ ಏಳು ದಶಕಗಳ ಅನುಭವ ನೋಡಿದರೆ, ಗಡಿ ಎಲ್ಲಿ ಎಳೆದೆವು ಎಂಬುದಕ್ಕಿಂತ ಗಡಿಯೊಳಗೆ ಅಧಿಕಾರದ ಕಚೇರಿಗಳನ್ನು ಎಲ್ಲೆಲ್ಲಿ ಇಟ್ಟೆವು ಎಂಬುದೇ ರಾಜ್ಯಗಳು ಒಟ್ಟಾಗಿ ಉಳಿಯುವುದನ್ನು ಹೆಚ್ಚಾಗಿ ನಿರ್ಧರಿಸಿದೆ. ಎಲ್ಲವನ್ನೂ ಒಂದೇ ಊರಲ್ಲಿ ಪೇರಿಸಿದ ರಾಜ್ಯ ಮುಂದಿನ ಒಡಕನ್ನು ತಾನೇ ತಯಾರು ಮಾಡಿಕೊಳ್ಳುತ್ತದೆ.

ಇದಕ್ಕೆ ತೆಲುಗು ನಾಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮದ್ರಾಸ್ ಪ್ರಾಂತ್ಯದಿಂದ ಆಂಧ್ರ ಬೇರೆಯಾಗಬೇಕೆಂಬ ಚಳವಳಿ ಬಲಗೊಳ್ಳುತ್ತಿದ್ದ ಕಾಲದಲ್ಲೇ ರಾಯಲಸೀಮೆಯ ಮುಖಂಡರಿಗೆ ಒಂದು ಅಳುಕಿತ್ತು: ಮದ್ರಾಸಿನ ಬದಲು ಕರಾವಳಿ ಜಿಲ್ಲೆಗಳು ತಮ್ಮನ್ನು ಆಳಿದರೆ ತಮಗೇನು ಸಿಕ್ಕಂತಾಯಿತು? ಆ ಅಳುಕನ್ನು ನಿವಾರಿಸಲು 1937ರ ನವೆಂಬರಿನಲ್ಲಿ ಮದ್ರಾಸಿನಲ್ಲಿ ಶ್ರೀಬಾಗ್ ಒಪ್ಪಂದವಾಯಿತು. ರಾಜಧಾನಿ ಮತ್ತು ಹೈಕೋರ್ಟ್ ಎರಡೂ ಒಂದೇ ಕಡೆ ಇರಬಾರದು, ಕರಾವಳಿಗೊಂದು, ರಾಯಲಸೀಮೆಗೊಂದು ಎಂಬುದು ಅದರ ತಿರುಳು. ರಾಜ್ಯ ಹುಟ್ಟುವುದಕ್ಕೆ 16 ವರ್ಷ ಮೊದಲೇ ಗಡಿಯ ಜೊತೆಗೆ ಸಂಸ್ಥೆಗಳ ಹಂಚಿಕೆಯನ್ನೂ ಚಿಂತಿಸಿದ ಆ ತಲೆಮಾರಿನ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಪ್ರತ್ಯೇಕ ಆಂಧ್ರಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟ ಮೇಲೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಬಂದಾಗ ಆ ಮಾತಿಗೆ ಬೆಲೆಯೂ ಸಿಕ್ಕಿತು. ಕರ್ನೂಲು ರಾಜಧಾನಿಯಾಯಿತು, ಡೇರೆಗಳಲ್ಲೇ ಕಚೇರಿಗಳು ನಡೆದವು. ಹೈಕೋರ್ಟು ಗುಂಟೂರಿಗೆ ಹೋಯಿತು. ಆದರೆ ಮೂರೇ ವರ್ಷ. 1956ರ ನವೆಂಬರ್ 1ರಂದು ತೆಲಂಗಾಣ ಸೇರಿ ಆಂಧ್ರಪ್ರದೇಶವಾದಾಗ ರಾಜಧಾನಿಯೂ ಹೈದರಾಬಾದಿಗೆ, ಹೈಕೋರ್ಟೂ ಹೈದರಾಬಾದಿಗೆ. ನಿಜಾಮರ ಕಾಲದ ದೊಡ್ಡ ಕಟ್ಟಡಗಳು ಸಿದ್ಧವಾಗಿದ್ದವು, ಬೇರೆ ಕಡೆ ಕಟ್ಟುವ ಖರ್ಚು ಉಳಿಯಿತು. ಆ ಉಳಿತಾಯಕ್ಕೆ ತೆತ್ತ ಬೆಲೆ ಗೊತ್ತಾಗಲು ಬಹಳ ಕಾಲ ಬೇಕಾಗಲಿಲ್ಲ.

1969ರಲ್ಲಿ ತೆಲಂಗಾಣದವರು, ರಾಜಧಾನಿ ನಮ್ಮಲ್ಲಿದ್ದರೂ ಅದರ ಕೆಲಸಗಳೆಲ್ಲ ಹೊರಗಿನವರ ಪಾಲಾಗುತ್ತಿವೆ ಎಂದು ಬೀದಿಗಿಳಿದರು. ಮೂರು ವರ್ಷ ಕಳೆದು ಕರಾವಳಿ ಮತ್ತು ರಾಯಲಸೀಮೆಯವರು, ನಮ್ಮದೇ ರಾಜಧಾನಿಯಲ್ಲಿ ನಾವು ಹೊರಗಿನವರಾದೆವು ಎಂದು ಜೈ ಆಂಧ್ರ ಚಳವಳಿ ಹೂಡಿದರು. ಎರಡೂ ಕಡೆಯ ಸಿಟ್ಟಿನ ನಡುವೆ ನಿಂತಿದ್ದು ಒಂದೇ ನಗರ. ಮುಂದಿನ ನಾಲ್ಕು ದಶಕಗಳಲ್ಲಿ ಸಾರ್ವಜನಿಕ ಉದ್ದಿಮೆ, ಸಂಶೋಧನಾ ಸಂಸ್ಥೆ, ಕೊನೆಗೆ ಐಟಿ ಕಂಪನಿಗಳವರೆಗೆ ಎಲ್ಲವೂ ಅದೇ ನಗರಕ್ಕೆ ಬಂದು ಬಿದ್ದವು. 2014ರಲ್ಲಿ ರಾಜ್ಯ ಒಡೆದಾಗ ಗಡಿ ಗುರುತಿಸುವುದು ದೊಡ್ಡ ಕೆಲಸವೇ ಆಗಲಿಲ್ಲ. ಹೆಚ್ಚುಕಡಿಮೆ 1956ರ ಗೆರೆಯೇ ಮತ್ತೆ ಗೆರೆಯಾಯಿತು. ಇತ್ಯರ್ಥವಾಗದೆ ಉಳಿದದ್ದು ಹೈದರಾಬಾದ್. ಹತ್ತು ವರ್ಷ ಮೀರದಂತೆ ಎರಡಕ್ಕೂ ಅದೇ ರಾಜಧಾನಿ ಎಂದು ಪುನರ್‌ವಿಂಗಡಣಾ ಕಾಯ್ದೆ ಹೇಳಿತು. ಆ ಕಾಯ್ದೆಯ 9 ಮತ್ತು 10ನೇ ಅನುಸೂಚಿಗಳಲ್ಲಿ ಹಂಚಿಕೊಳ್ಳಬೇಕಾದ ನಿಗಮ, ಮಂಡಳಿ, ತರಬೇತಿ ಸಂಸ್ಥೆಗಳ ಪಟ್ಟಿಯಿದೆ. ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಬಹುತೇಕ ಎಲ್ಲದರ ಕೇಂದ್ರ ಕಚೇರಿ ಇದ್ದದ್ದು ಹೈದರಾಬಾದಿನಲ್ಲಿ. ಬೀಜ ನಿಗಮವಾಗಲಿ, ಗೃಹ ಮಂಡಳಿಯಾಗಲಿ, ಕಟ್ಟಡ ಯಾರಿಗೆ, ಠೇವಣಿ ಯಾರಿಗೆ, ನೌಕರರು ಯಾರ ಕಡೆಗೆ ಎಂಬ ತಕರಾರು ಹತ್ತು ವರ್ಷದ ಗಡುವು ಮುಗಿದ 2024ರ ಜೂನ್ 2ರ ಹೊತ್ತಿಗೂ ಬಗೆಹರಿದಿರಲಿಲ್ಲ. ಈ ಸಂಸ್ಥೆಗಳಲ್ಲಿ ಅರ್ಧದಷ್ಟಾದರೂ ವಾರಂಗಲ್, ವಿಜಯವಾಡ, ಕರ್ನೂಲು, ವಿಶಾಖಪಟ್ಟಣಗಳಲ್ಲಿ ಇದ್ದಿದ್ದರೆ ರಾಜ್ಯ ಒಡೆಯುತ್ತಲೇ ಇರಲಿಲ್ಲ ಎಂದು ಹೇಳಲಾರೆ. ಒಡೆದಾಗ ಒಂದು ಭಾಗಕ್ಕೆ ಎಲ್ಲವೂ, ಇನ್ನೊಂದು ಭಾಗಕ್ಕೆ ಏನೂ ಇಲ್ಲ ಎಂಬ ಸ್ಥಿತಿಯಂತೂ ಬರುತ್ತಿರಲಿಲ್ಲ.

ಉಳಿದ ಆಂಧ್ರ ಈ ಪಾಠ ಕಲಿಯಬಹುದಿತ್ತು. ಕೇಂದ್ರ ನೇಮಿಸಿದ್ದ ಶಿವರಾಮಕೃಷ್ಣನ್ ಸಮಿತಿ 2014ರ ಆಗಸ್ಟಿನಲ್ಲೇ, ಒಂದೇ ಬೃಹತ್ ರಾಜಧಾನಿಯ ಕನಸು ಬೇಡ, ಕಚೇರಿಗಳನ್ನು ರಾಜ್ಯದ ಬೇರೆಬೇರೆ ಭಾಗಗಳಿಗೆ ಹಂಚಿ, ವಿಜಯವಾಡ–ಗುಂಟೂರು ನಡುವಿನ ಫಲವತ್ತಾದ ಜಮೀನಿಗೆ ಕೈ ಹಾಕಬೇಡಿ ಎಂದು ಸಲಹೆ ಕೊಟ್ಟಿತು. ಸರ್ಕಾರ ಅದನ್ನು ಪಕ್ಕಕ್ಕಿಟ್ಟು ಕೃಷ್ಣಾ ತೀರದಲ್ಲಿ ಅಮರಾವತಿಗಾಗಿ ರೈತರಿಂದ 30 ಸಾವಿರ ಎಕರೆಗೂ ಮಿಕ್ಕಿ ಜಮೀನು ಒಟ್ಟುಗೂಡಿಸಿತು. ಹೈಕೋರ್ಟೂ 2019ರ ಜನವರಿಯಲ್ಲಿ ಅಲ್ಲಿಗೇ ಬಂತು. 1937ರಲ್ಲಿ ಮಾತು ಪಡೆದಿದ್ದ ರಾಯಲಸೀಮೆಗೆ ಎರಡೂ ತಪ್ಪಿದವು. 2019ರಲ್ಲೇ ಬದಲಾದ ಸರ್ಕಾರ ಕರ್ನೂಲಿಗೆ ನ್ಯಾಯಾಂಗ, ವಿಶಾಖಪಟ್ಟಣಕ್ಕೆ ಆಡಳಿತ, ಅಮರಾವತಿಗೆ ಶಾಸನಸಭೆ ಎಂಬ ಮೂರು ರಾಜಧಾನಿಗಳ ಯೋಜನೆ ತಂದಿತು. 2020ರಲ್ಲಿ ಕಾಯ್ದೆ ಮಾಡಿ 2021ರಲ್ಲಿ ತಾನೇ ಹಿಂತೆಗೆದುಕೊಂಡಿತು. 2022ರ ಮಾರ್ಚಿನಲ್ಲಿ ಹೈಕೋರ್ಟು ರೈತರ ಪರ ನಿಂತಿತು. 2024ರಲ್ಲಿ ಸರ್ಕಾರ ಮತ್ತೆ ಬದಲಾಗಿ ಅಮರಾವತಿಯ ಕೆಲಸ ಮತ್ತೆ ಶುರುವಾಯಿತು. ವಿಕೇಂದ್ರೀಕರಣ ಎಂದರೆ ಹೀಗೇ ಎಡವಟ್ಟಾಗುವುದು ಎಂದು ಈ ಪ್ರಸಂಗವನ್ನು ಬೊಟ್ಟು ಮಾಡುವವರಿದ್ದಾರೆ. ಅಲ್ಲಿ ಸೋತದ್ದು ಹಂಚಿಕೆಯ ತತ್ವವಲ್ಲ. ಸಾವಿರಾರು ರೈತ ಕುಟುಂಬಗಳು ಒಂದು ಭರವಸೆಯ ಮೇಲೆ ಜಮೀನು ಬಿಟ್ಟುಕೊಟ್ಟ ಮೇಲೆ, ಅಡಿಪಾಯ ಎದ್ದ ಮೇಲೆ, ಮಾತು ಬದಲಿಸಿದ್ದು ಸೋತಿತು. ಸಚಿವಾಲಯ ಒಂದೂರಲ್ಲಿ, ಶಾಸನಸಭೆ ಇನ್ನೊಂದೂರಲ್ಲಿ ಎಂದು ಸರ್ಕಾರದ ಬೆನ್ನೆಲುಬನ್ನೇ ತುಂಡರಿಸುವುದೂ ಸರಿಯಲ್ಲ. ಮಂತ್ರಿ, ಸಚಿವಾಲಯ, ಶಾಸನಸಭೆ ಒಟ್ಟಿಗಿರಲಿ. ಹಂಚಬೇಕಾದದ್ದು ಅದರಾಚೆ ಇರುವುದನ್ನು: ಹೈಕೋರ್ಟು, ಲೋಕಸೇವಾ ಆಯೋಗ, ಇಲಾಖಾ ನಿರ್ದೇಶನಾಲಯಗಳು, ನಿಗಮ ಮಂಡಳಿಗಳ ಕೇಂದ್ರ ಕಚೇರಿಗಳು.

ಹಾಗೆ ಹಂಚಿ ಏಳು ದಶಕ ಬಾಳಿದ ರಾಜ್ಯ ನಮ್ಮಲ್ಲೇ ಇದೆ. ನಾವು ಅದನ್ನು ಗಮನಿಸಿಲ್ಲ. ರಾಜಸ್ಥಾನ ಸುಮಾರು ಇಪ್ಪತ್ತು ಸಂಸ್ಥಾನಗಳನ್ನು ಕೂಡಿಸಿ ಕಟ್ಟಿದ್ದು. ಜೋಧಪುರ, ಬಿಕಾನೇರ್, ಉದಯಪುರ ಒಂದೊಂದೂ ಶತಮಾನಗಳ ಕಾಲ ಸ್ವಂತ ಆಸ್ಥಾನ, ಸ್ವಂತ ಸೈನ್ಯ, ಸ್ವಂತ ಪ್ರತಿಷ್ಠೆ ಇಟ್ಟುಕೊಂಡಿದ್ದ ಊರುಗಳು. 1949ರಲ್ಲಿ ಜಯಪುರವನ್ನು ರಾಜಧಾನಿ ಮಾಡಿದಾಗ ಉಳಿದವು ಸುಮ್ಮನೆ ಜಿಲ್ಲಾ ಕೇಂದ್ರಗಳಾಗಿ ಕುಗ್ಗುವ ಅಪಾಯವಿತ್ತು. ಅದನ್ನು ಮನಗಂಡೇ ಹೈಕೋರ್ಟನ್ನು ಜೋಧಪುರಕ್ಕೆ ಕೊಟ್ಟರು, ಶಿಕ್ಷಣ ನಿರ್ದೇಶನಾಲಯ ಬಿಕಾನೇರಿಗೆ ಹೋಯಿತು, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕೇಂದ್ರ ಉದಯಪುರದಲ್ಲಿ ನೆಲೆಗೊಂಡಿತು. 1956ರಲ್ಲಿ ಅಜ್ಮೇರ್ ತನ್ನ ಪ್ರತ್ಯೇಕ ರಾಜ್ಯದ ಸ್ಥಾನ ಕಳೆದುಕೊಂಡು ವಿಲೀನವಾದಾಗ ಕಂದಾಯ ಮಂಡಳಿ, ಲೋಕಸೇವಾ ಆಯೋಗ, ಮಾಧ್ಯಮಿಕ ಶಿಕ್ಷಣ ಮಂಡಳಿ ಅದರ ಪಾಲಿಗೆ ಬಂದವು. ಇದು ಗೌರವಕ್ಕಾಗಿ ಕೊಟ್ಟ ಫಲಕವಲ್ಲ ಎಂಬುದು ದಿನನಿತ್ಯದ ವ್ಯವಹಾರದಲ್ಲಿ ಕಾಣುತ್ತದೆ. ಆ ರಾಜ್ಯದ ಶಾಲಾ ಶಿಕ್ಷಕರ ವರ್ಗಾವಣೆ, ಬಡ್ತಿಯ ಆದೇಶಗಳು ಹೊರಡುವುದು ಮರುಭೂಮಿಯಂಚಿನ ಬಿಕಾನೇರಿನಿಂದ. ಹತ್ತನೇ ತರಗತಿಯ ಅಂಕಪಟ್ಟಿ, ಸರ್ಕಾರಿ ಅಧಿಕಾರಿಯ ನೇಮಕಾತಿಯ ಸಂದರ್ಶನ, ಜಮೀನಿನ ಕೊನೆಯ ಕಂದಾಯ ಮೇಲ್ಮನವಿ ಇವೆಲ್ಲಕ್ಕೂ ಅಜ್ಮೇರ್. ಶಿಕ್ಷಕ ಸಂಘಟನೆಗಳು ಧರಣಿ ಕೂರಲು ಬಿಕಾನೇರಿನ ರೈಲು ಹತ್ತುತ್ತವೆ. ಆ ಊರಿನ ವಸತಿಗೃಹ, ಮುದ್ರಣಾಲಯ, ಹೋಟೆಲು, ಬಾಡಿಗೆ ಮನೆಗಳೆಲ್ಲ ಈ ಓಡಾಟದಿಂದ ಬದುಕುತ್ತವೆ. ವಿಸ್ತೀರ್ಣದಲ್ಲಿ ದೇಶದ ಅತಿ ದೊಡ್ಡ ರಾಜ್ಯ ಅದು. ‘ಮರು ಪ್ರದೇಶ’ ಎಂಬ ಪ್ರತ್ಯೇಕ ರಾಜ್ಯ ಬೇಕೆಂಬ ದನಿ ಆಗೀಗ ಕೇಳಿದ್ದುಂಟು, ತೆಲಂಗಾಣದಂಥ ಚಳವಳಿಯಾಗಿ ಅದು ಬೆಳೆಯಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇರಬಹುದು, ಈ ಹಂಚಿಕೆಯ ಪಾತ್ರವನ್ನು ಮಾತ್ರ ಅಲ್ಲಗಳೆಯಲಾಗದು.

ಮಧ್ಯಪ್ರದೇಶದ ಉದಾಹರಣೆ ಇನ್ನೂ ಹೆಚ್ಚು ಕಲಿಸುತ್ತದೆ, ಏಕೆಂದರೆ ಅಲ್ಲಿ ಹಂಚಿಕೆಯ ಫಲವೂ ಇದೆ, ಹಂಚಿಕೆ ತಲುಪದೇ ಹೋದದ್ದರ ಫಲವೂ ಇದೆ. 1956ರಲ್ಲಿ ಭೋಪಾಲ್ ರಾಜಧಾನಿಯಾದಾಗ ಗ್ವಾಲಿಯರ್, ಇಂದೋರ್, ರೀವಾ ಮೂರೂ ತಮ್ಮ ರಾಜಧಾನಿ ಪಟ್ಟ ಕಳೆದುಕೊಂಡವು, ಜಬಲ್ಪುರ ತನ್ನ ಆಸೆ ಕಳೆದುಕೊಂಡಿತು. ಸಮಾಧಾನಕ್ಕೆ ಜಬಲ್ಪುರಕ್ಕೆ ಹೈಕೋರ್ಟು ಮತ್ತು ವಿದ್ಯುತ್ ಮಂಡಳಿ, ಇಂದೋರಿಗೆ ಲೋಕಸೇವಾ ಆಯೋಗ, ಗ್ವಾಲಿಯರಿಗೆ ಕಂದಾಯ ಮಂಡಳಿ, ಅಬಕಾರಿ ಆಯುಕ್ತರ ಕಚೇರಿ ಮತ್ತು ಮಹಾಲೇಖಪಾಲರ ಕಚೇರಿ. ಇಂದೋರ್, ಗ್ವಾಲಿಯರ್‌ಗಳಿಗೆ ಹೈಕೋರ್ಟಿನ ಪೀಠಗಳೂ ಇವೆ. ಈಗ ನಕ್ಷೆಯನ್ನು ಎದುರಿಗಿಟ್ಟುಕೊಂಡು ಈ ಊರುಗಳನ್ನು ಗುರುತಿಸಿ ನೋಡಿ: ಪಶ್ಚಿಮದಲ್ಲಿ, ಉತ್ತರದಲ್ಲಿ, ನಡುವೆ ಚುಕ್ಕೆಗಳು ಬೀಳುತ್ತವೆ. ರಾಯಪುರ, ಬಿಲಾಸ್ಪುರ, ಬಸ್ತರ್ ಇದ್ದ ಆಗ್ನೇಯದ ಅಷ್ಟೂ ಭಾಗ ಖಾಲಿ. ಬಸ್ತರಿನ ಜಗದಲ್ಪುರದಿಂದ ಭೋಪಾಲಕ್ಕೆ 800 ಕಿಲೋಮೀಟರಿಗೂ ಹೆಚ್ಚು ದೂರ. 2000ದ ನವೆಂಬರ್ 1ರಂದು ಮಧ್ಯಪ್ರದೇಶದಿಂದ ಕಳಚಿಕೊಂಡದ್ದು ಆ ಖಾಲಿ ಭಾಗವೇ, ಛತ್ತೀಸ್‌ಗಢವಾಗಿ. ಹೊಸ ರಾಜ್ಯ ರಾಯಪುರವನ್ನು ರಾಜಧಾನಿ ಮಾಡಿ ಹೈಕೋರ್ಟನ್ನು ಬಿಲಾಸ್ಪುರಕ್ಕೆ ಕೊಟ್ಟಿತು. ಅದೇ ತಿಂಗಳು ಉತ್ತರಪ್ರದೇಶದಿಂದ ಬೇರೆಯಾದ ಉತ್ತರಾಖಂಡದ ಸ್ಥಿತಿಯೂ ಇದೇ ಆಗಿತ್ತು. ರಾಜಧಾನಿ ಲಖನೌ, ಹೈಕೋರ್ಟು ಅಲಹಾಬಾದ್, ಬೆಟ್ಟದ ಜಿಲ್ಲೆಗಳ ಜನ ಯಾವ ದೊಡ್ಡ ಕೆಲಸಕ್ಕೂ ಬಯಲಿಗೆ ಇಳಿಯಬೇಕು. ಬೇರೆ ರಾಜ್ಯ ಬಂದ ಮೇಲೂ ರಾಜಧಾನಿ ಬಯಲಂಚಿನ ಡೆಹ್ರಾಡೂನಿನಲ್ಲೇ ಕೂತಿತು. ಚಳವಳಿಗಾರರು ಬೇಡಿದ ಬೆಟ್ಟದ ನಡುವಿನ ಗೈರ್‌ಸೈಣ್‌ಗೆ 2020ರಲ್ಲಿ ಬೇಸಿಗೆ ರಾಜಧಾನಿ ಎಂಬ ಹೆಸರು ಸಿಕ್ಕಿತು, ಕಚೇರಿಗಳು ಸಿಗಲಿಲ್ಲ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಎಲ್ಲ ಪ್ರತ್ಯೇಕ ರಾಜ್ಯದ ಬೇಡಿಕೆಗಳೂ ಕಚೇರಿಯ ಹಸಿವಿನಿಂದ ಹುಟ್ಟಿದವಲ್ಲ. ಝಾರ್ಖಂಡದ ಹೋರಾಟ ಸ್ವಾತಂತ್ರ್ಯಕ್ಕಿಂತ ಹಳೆಯದು. ಆದಿವಾಸಿ ಮುಖಂಡ ಜೈಪಾಲ್ ಸಿಂಗ್ ಅದನ್ನು ಆದಿವಾಸಿಗಳ ನೆಲ ಮತ್ತು ಅಸ್ಮಿತೆಯ ಪ್ರಶ್ನೆಯಾಗಿ ಕಟ್ಟಿದರು. ರಾಂಚಿಯಲ್ಲಿ 1970ರ ದಶಕದಿಂದಲೇ ಪಾಟ್ನಾ ಹೈಕೋರ್ಟಿನ ಪೀಠವಿತ್ತು, ದೊಡ್ಡ ಸಾರ್ವಜನಿಕ ಉದ್ದಿಮೆಯಿತ್ತು, ಆದರೂ ಬೇಡಿಕೆ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಆದರೆ ನನ್ನ ವಾದಕ್ಕೆ ಹೆಚ್ಚು ಬಿಗಿಯಾದ ಆಕ್ಷೇಪ ಬರುವುದು ವಿದರ್ಭದಿಂದ. ನಾಗಪುರ 1956ರವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ರಾಜ್ಯ ಪುನರ್‌ವಿಂಗಡಣಾ ಆಯೋಗ 1955ರಲ್ಲಿ ವಿದರ್ಭ ಪ್ರತ್ಯೇಕ ರಾಜ್ಯವಾಗಲಿ ಎಂದೇ ಹೇಳಿತ್ತು. ಅದರ ಬದಲು ಮಹಾರಾಷ್ಟ್ರದೊಳಗೆ ಸೇರಿದಾಗ ನಾಗಪುರ ಒಪ್ಪಂದದಂತೆ ವರ್ಷಕ್ಕೊಂದು ಅಧಿವೇಶನ ಅಲ್ಲಿ ನಡೆಯುವ ಏರ್ಪಾಡಾಯಿತು, ಹೈಕೋರ್ಟು ಪೀಠವೂ ಉಳಿಯಿತು. ಇಷ್ಟಾದರೂ ಪ್ರತ್ಯೇಕ ವಿದರ್ಭದ ಕೂಗು ಆರಿಲ್ಲವಲ್ಲ, ಹಂಚಿಕೆಯಿಂದ ಏನು ಸಾಧಿಸಿದಂತಾಯಿತು ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ನನ್ನ ಉತ್ತರವೆಂದರೆ, ನಾಗಪುರಕ್ಕೆ ಸಿಕ್ಕ ಎರಡರಲ್ಲಿ ಒಂದು ಮಾತ್ರ ಅಲ್ಲಿ ಬೇರೂರಿತು. ಪೀಠ ಅಲ್ಲೇ ಇದೆ, ಅದರ ಸುತ್ತ ವಕೀಲರ ದೊಡ್ಡ ಸಮುದಾಯ ಬೆಳೆದಿದೆ, ಅದನ್ನು ಯಾರೂ ಅನುಕಂಪದ ಕೊಡುಗೆ ಎನ್ನುವುದಿಲ್ಲ. ಅಧಿವೇಶನ ಹಾಗಲ್ಲ. ಡಿಸೆಂಬರಿನಲ್ಲಿ ಅಧಿಕಾರಿಗಳು ಕಡತಗಳ ಗಂಟಿನೊಂದಿಗೆ ಮುಂಬೈಯಿಂದ ಬರುತ್ತಾರೆ, ಒಂದೆರಡು ವಾರದಲ್ಲಿ ಅದೇ ಗಂಟಿನೊಂದಿಗೆ ಮರಳುತ್ತಾರೆ. ತೀರ್ಮಾನ ಮಾಡುವ ಒಬ್ಬ ಮುಖ್ಯ ಎಂಜಿನಿಯರ್, ಒಬ್ಬ ನಿರ್ದೇಶಕ, ಒಬ್ಬ ಆಯುಕ್ತ ಅಲ್ಲಿ ಮನೆ ಮಾಡುವುದಿಲ್ಲ. ಬಂದುಹೋಗುವ ಸರ್ಕಾರದಿಂದ ಒಂದು ಪ್ರದೇಶಕ್ಕೆ ತಾನೂ ಆಳುವವರಲ್ಲಿ ಸೇರಿದೆ ಎನ್ನಿಸುವುದಿಲ್ಲ. ಹದಿನೈದು ದಿನ ಆತಿಥ್ಯ ಮಾಡಿದಂತಾಗುತ್ತದೆ.

ಈ ಮಾತು ಬೆಳಗಾವಿಗೆ ಅಕ್ಷರಶಃ ಹೊಂದುತ್ತದೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ ಸುವರ್ಣ ವಿಧಾನಸೌಧ, ಗಡಿ ವಿವಾದದ ನಡುವೆ ಬೆಳಗಾವಿ ಕರ್ನಾಟಕದ್ದೇ ಎಂದು ಕಲ್ಲಿನಲ್ಲಿ ಹೇಳಿದ ಕಟ್ಟಡ. ಅಷ್ಟರ ಮಟ್ಟಿಗೆ ಅದು ಬೇಕಿತ್ತು. ಆದರೆ ಚಳಿಗಾಲದ ಅಧಿವೇಶನದ ಆ ಕೆಲವು ದಿನಗಳನ್ನು ಬಿಟ್ಟರೆ ಅಷ್ಟು ದೊಡ್ಡ ಕಟ್ಟಡಕ್ಕೆ ತಕ್ಕ ಕೆಲಸವನ್ನು ನಾವು ಕೊಟ್ಟಿಲ್ಲ; ರಾಜ್ಯ ಮಟ್ಟದ ಕಚೇರಿಗಳನ್ನು ಅಲ್ಲಿಗೆ ಸ್ಥಳಾಂತರಿಸುತ್ತೇವೆಂಬ ಘೋಷಣೆಗಳು ಒಂದು ಸರ್ಕಾರದಿಂದ ಇನ್ನೊಂದಕ್ಕೆ ವರ್ಗಾವಣೆಯಾಗುತ್ತ ಬಂದಿವೆ. ಇದರ ಪಕ್ಕಕ್ಕೆ ಹೈಕೋರ್ಟು ಪೀಠಗಳನ್ನು ಇಟ್ಟು ನೋಡಿ. 2008ರ ಜುಲೈವರೆಗೆ ಔರಾದಿನ ಒಬ್ಬ ರೈತನ ಜಮೀನು ವ್ಯಾಜ್ಯ ಹೈಕೋರ್ಟಿಗೆ ಹೋದರೆ ಆತ ಬೀದರ್ ದಾಟಿ 700 ಕಿಲೋಮೀಟರಿನಷ್ಟು ದೂರದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲೋ ರೈಲಿನಲ್ಲೋ ಕೂತು ಬರಬೇಕಿತ್ತು. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ವಕೀಲರ ಕಚೇರಿ ಹುಡುಕಿ, ಪ್ರಕರಣ ಮುಂದಕ್ಕೆ ಹೋಯಿತೆಂದು ತಿಳಿದು ಅದೇ ದಿನ ಸಂಜೆಯ ಗಾಡಿಗೆ ವಾಪಸು. ಒಂದು ವಾಯಿದೆಗೆ ಮೂರು ದಿನದ ಕೂಲಿ, ಊಟ, ತಿಕೀಟು. ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ ಧಾರವಾಡ ಮತ್ತು ಕಲಬುರಗಿಗೆ ಸಂಚಾರಿ ಪೀಠಗಳು ಬಂದವು, 2013ರ ಆಗಸ್ಟಿನಲ್ಲಿ ಅವು ಕಾಯಂ ಆದವು. ಈಗ ಆತ ಕಲಬುರಗಿಗೆ ಬೆಳಿಗ್ಗೆ ಹೋಗಿ ರಾತ್ರಿ ಊರು ಸೇರುತ್ತಾನೆ. ಬೆಳಗಾವಿಯ ಸೌಧಕ್ಕಿಂತ ಎಷ್ಟೋ ಕಡಿಮೆ ಸದ್ದು ಮಾಡಿದ ಈ ಎರಡು ಪೀಠಗಳು ಉತ್ತರ ಕರ್ನಾಟಕದ ಜನರನ್ನು ಈ ರಾಜ್ಯಕ್ಕೆ ಹೆಚ್ಚು ಗಟ್ಟಿಯಾಗಿ ಕಟ್ಟಿವೆ ಎಂದೇ ನಾನು ನಂಬಿದ್ದೇನೆ.

ಕಚೇರಿಗಳನ್ನು ಚದುರಿಸಿದರೆ ಆಡಳಿತ ನಿಧಾನವಾಗುತ್ತದೆ, ಖರ್ಚು ಹೆಚ್ಚುತ್ತದೆ ಎಂಬುದು ಹಿರಿಯ ಅಧಿಕಾರಿಗಳಿಂದ ಸದಾ ಬರುವ ಆಕ್ಷೇಪ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಭೋಪಾಲದ ಅಧಿಕಾರಿಗಳು ಹೈಕೋರ್ಟಿನ ಪ್ರತಿ ಪ್ರಕರಣಕ್ಕೂ ಜಬಲ್ಪುರಕ್ಕೆ ಓಡಬೇಕಾಗುತ್ತದೆ. ಆದರೆ ಈ ಓಡಾಟದ ಲೆಕ್ಕ ಹಾಕುವಾಗ ನಾವು ಅಧಿಕಾರಿಯ ಪ್ರಯಾಣ ಭತ್ಯೆಯನ್ನು ಮಾತ್ರ ಕೂಡಿಸುತ್ತೇವೆ, ಎಲ್ಲವೂ ಒಂದೇ ಕಡೆ ಇದ್ದಾಗ ಓಡಾಡುವ ಲಕ್ಷಾಂತರ ಜನರ ಖರ್ಚನ್ನು ಯಾವ ಬಜೆಟ್ಟಿನಲ್ಲೂ ಬರೆಯುವುದಿಲ್ಲ. ಇನ್ನು ಕೆಲಸದ ವಿಷಯಕ್ಕೆ ಬಂದರೆ ಕರ್ನಾಟಕವೇ ಉತ್ತರ ಕೊಟ್ಟಿದೆ. ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ 1997ರಿಂದ ಹುಬ್ಬಳ್ಳಿಯಲ್ಲಿದೆ, ಈಶಾನ್ಯ ಭಾಗದ ಸಾರಿಗೆ ನಿಗಮದ್ದು ಕಲಬುರಗಿಯಲ್ಲಿ. ವಿದ್ಯುತ್ ಕಂಪನಿಗಳಲ್ಲಿ ಹೆಸ್ಕಾಂ ಹುಬ್ಬಳ್ಳಿಯಲ್ಲಿ, ಜೆಸ್ಕಾಂ ಕಲಬುರಗಿಯಲ್ಲಿ, ಮೆಸ್ಕಾಂ ಮಂಗಳೂರಿನಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ಇಡೀ ರಾಜ್ಯದ ಎಂಜಿನಿಯರಿಂಗ್ ಪರೀಕ್ಷೆಗಳನ್ನು ಬೆಳಗಾವಿಯಿಂದ ನಡೆಸುತ್ತಿದೆ, ಬೆಂಗಳೂರಿನ ಹೆಸರಾಂತ ಕಾಲೇಜುಗಳೂ ಅದಕ್ಕೆ ಸೇರಿದ್ದವೇ. ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯಲ್ಲಿದೆ. ನೈಋತ್ಯ ರೈಲ್ವೆ 2003ರಿಂದ ಹುಬ್ಬಳ್ಳಿಯಿಂದಲೇ ಬೆಂಗಳೂರು, ಮೈಸೂರು ವಿಭಾಗಗಳನ್ನು ನೋಡಿಕೊಳ್ಳುತ್ತದೆ. ಕೇಂದ್ರ ಕಚೇರಿ ಬೆಂಗಳೂರಿನಿಂದ ಹೊರಗಿದೆಯೆಂಬ ಕಾರಣಕ್ಕೆ ಬಸ್ಸು ನಿಂತದ್ದಿಲ್ಲ, ರೈಲು ತಡವಾದದ್ದಿಲ್ಲ. ಈ ಸಂಸ್ಥೆಗಳಿಗೆ ಅವುಗಳದೇ ತೊಂದರೆಗಳಿವೆ, ಊರಿನಿಂದ ಬಂದ ತೊಂದರೆ ಅದರಲ್ಲಿ ಯಾವುದೂ ಇಲ್ಲ.

ಬೆಂಗಳೂರು ಬೆಳೆದದ್ದು ಮಾರುಕಟ್ಟೆಯಿಂದ, ಕಚೇರಿಗಳಿಂದ ಅಲ್ಲ, ನಾಲ್ಕು ನಿರ್ದೇಶನಾಲಯ ಕಳಿಸಿದ ಮಾತ್ರಕ್ಕೆ ಕಲಬುರಗಿ ಬೆಂಗಳೂರಾಗುವುದಿಲ್ಲ ಎನ್ನುವವರೂ ಇದ್ದಾರೆ. ಕಲಬುರಗಿ ಬೆಂಗಳೂರಾಗುವುದು ಬೇಕಾಗಿಯೂ ಇಲ್ಲ. ಆದರೆ ಬೆಂಗಳೂರು ಸರ್ಕಾರದ ಹಂಗಿಲ್ಲದೆ ಬೆಳೆಯಿತೆಂಬುದು ಇತಿಹಾಸವನ್ನು ಮರೆತ ಮಾತು. ಮೈಸೂರು ಸರ್ಕಾರದ ಒತ್ತಾಸೆಯಿಂದ 1940ರಲ್ಲಿ ಬಂದ ಎಚ್‌ಎಎಲ್, 1948ರ ಐಟಿಐ, 1950ರ ದಶಕದ ಎಚ್‌ಎಂಟಿ ಮತ್ತು ಬಿಇಎಲ್, ಆಮೇಲಿನ ಬಾಹ್ಯಾಕಾಶ ಸಂಸ್ಥೆ ಇವೆಲ್ಲ ಸರ್ಕಾರಗಳು ಕೂತು ಜಾಗ ಗೊತ್ತುಮಾಡಿದ ಸಂಸ್ಥೆಗಳು. ಅವು ತಂದ ತಂತ್ರಜ್ಞರು, ಕಟ್ಟಿದ ಬಡಾವಣೆಗಳು, ಹುಟ್ಟಿಸಿದ ಸಣ್ಣ ಕೈಗಾರಿಕೆಗಳ ಮೇಲೆ ಮುಂದೆ ಮಾರುಕಟ್ಟೆ ಬಂದು ಕೂತಿತು. ಇಂದು ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅತಿ ಹಿಂದುಳಿದ 39ರಲ್ಲಿ 26 ಉತ್ತರದಲ್ಲಿ, 13 ದಕ್ಷಿಣದಲ್ಲಿ. ಈ ಕೊನೆಯ ಸಂಖ್ಯೆ ಮುಖ್ಯ. ಇದು ಬರೀ ಉತ್ತರ–ದಕ್ಷಿಣದ ಜಗಳ ಅಲ್ಲ, ರಾಜಧಾನಿಗೂ ಉಳಿದ ರಾಜ್ಯಕ್ಕೂ ನಡುವಿನ ಅಂತರ. ಹಾಗಾಗಿ ಪ್ರತ್ಯೇಕ ಉತ್ತರ ಕರ್ನಾಟಕದ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆ ರಾಜ್ಯವಾದರೆ ಹುಬ್ಬಳ್ಳಿಯೋ ಬೆಳಗಾವಿಯೋ ಇನ್ನೊಂದು ಬೆಂಗಳೂರಾಗಿ, ಬೀದರಿನವನಿಗೆ ಅದೂ ದೂರವೇ ಆಗುತ್ತದೆ.

ಕಡತಗಳೆಲ್ಲ ಕಂಪ್ಯೂಟರಿಗೆ ಹೋಗಿರುವ ಈ ಕಾಲದಲ್ಲಿ ಕಚೇರಿ ಎಲ್ಲಿದ್ದರೇನು ಎಂಬ ಪ್ರಶ್ನೆಯೂ ಇದೆ. ಎಲ್ಲಿದ್ದರೂ ನಡೆಯುತ್ತದೆಂದಾದರೆ ಬೆಂಗಳೂರಿನಲ್ಲೇ ಏಕಿರಬೇಕು ಎಂಬುದು ಅದಕ್ಕೆ ಸಲ್ಲುವ ಮರುಪ್ರಶ್ನೆ. ಅರ್ಜಿ ಆನ್‌ಲೈನ್ ಹೋಗಬಹುದು. ಆದರೆ ನೌಕರರ ಸಂಬಳ ಖರ್ಚಾಗುವುದು, ಅವರ ಮಕ್ಕಳು ಓದುವ ಶಾಲೆ ಸುಧಾರಿಸುವುದು, ಒಳ್ಳೆಯ ಆಸ್ಪತ್ರೆ ಬರುವುದು, ವಿಮಾನ ರೈಲುಗಳು ಹೆಚ್ಚುವುದು ಆ ಕಚೇರಿ ಇರುವ ಊರಿನಲ್ಲೇ. ತೊಗರಿ ಬೆಳೆಯುವ ನಾಡಿನಲ್ಲಿ ತೊಗರಿ ಅಭಿವೃದ್ಧಿ ಮಂಡಳಿ ಇರುವುದರಿಂದ, ಬೆಲೆ ಕುಸಿದ ದಿನ ರೈತರು ಯಾರ ಬಾಗಿಲಿಗೆ ಹೋಗಬೇಕೆಂದು ತಿಳಿದಿದೆ. ಆ ಬಾಗಿಲು ಕಲಬುರಗಿಯಲ್ಲಿದೆ.

ದೇಶದ ಮಟ್ಟದಲ್ಲಿ ಆಗಬೇಕಾದದ್ದು ಹೊಸ ಆವಿಷ್ಕಾರವೇನಲ್ಲ. ಆಂಧ್ರಪ್ರದೇಶ ಪುನರ್‌ವಿಂಗಡಣಾ ಕಾಯ್ದೆಯ 13ನೇ ಅನುಸೂಚಿ ಹೊಸ ಆಂಧ್ರಕ್ಕೆ ಕೇಂದ್ರ ಕೊಡಬೇಕಾದ ಸಂಸ್ಥೆಗಳನ್ನು ಪಟ್ಟಿ ಮಾಡಿತು. ಅವು ನೆಲೆಗೊಂಡದ್ದೂ ಬೇರೆಬೇರೆ ಕಡೆ: ಐಐಟಿ ತಿರುಪತಿಗೆ, ಐಐಎಂ ವಿಶಾಖಪಟ್ಟಣಕ್ಕೆ, ಏಮ್ಸ್ ಮಂಗಳಗಿರಿಗೆ, ಕೇಂದ್ರೀಯ ವಿಶ್ವವಿದ್ಯಾಲಯ ಅನಂತಪುರಕ್ಕೆ. ಕೇಂದ್ರದ ಸಂಸ್ಥೆಗಳಿಗೆ ಸಾಧ್ಯವಾದದ್ದು ರಾಜ್ಯದ ಸಂಸ್ಥೆಗಳಿಗೂ ಸಾಧ್ಯ. ವಿದರ್ಭವಿರಲಿ, ಉತ್ತರಪ್ರದೇಶದ ಪಶ್ಚಿಮ ಜಿಲ್ಲೆಗಳಿರಲಿ, ಮುಂದೆ ಯಾವ ರಾಜ್ಯದ ಗಡಿ ಬದಲಿಸುವ ಮಸೂದೆ ಬಂದರೂ ಅದರಲ್ಲಿ ಗಡಿಯ ವಿವರದ ಪಕ್ಕದಲ್ಲೇ ಹೈಕೋರ್ಟು, ಅದರ ಪೀಠಗಳು, ಲೋಕಸೇವಾ ಆಯೋಗ, ಕಂದಾಯ ಮೇಲ್ಮನವಿ, ಮುಖ್ಯ ನಿರ್ದೇಶನಾಲಯಗಳು ಯಾವ ಯಾವ ಊರಿಗೆ ಎಂಬ ಅನುಸೂಚಿ ಇರಬೇಕು, ಜನ ಅದನ್ನೂ ಓದಿ ತಕರಾರು ಹೇಳುವಂತಿರಬೇಕು. ಕರ್ನಾಟಕಕ್ಕಂತೂ ಹೊಸ ಗಡಿಯ ಅಗತ್ಯವಿಲ್ಲ, ಸಂಸತ್ತಿನ ಕಾಯ್ದೆಯೂ ಬೇಕಿಲ್ಲ. ಬಹುಪಾಲು ಕಚೇರಿಗಳಿಗೆ ಸಚಿವ ಸಂಪುಟದ ಒಂದು ತೀರ್ಮಾನ ಸಾಕು. ಸುವರ್ಣ ಸೌಧದ ಕೋಣೆಗಳು ಖಾಲಿ ಇವೆ. ಶಾಲಾ ಶಿಕ್ಷಣದ ಅಪರ ಆಯುಕ್ತರ ಕಚೇರಿಗಳು ಧಾರವಾಡ, ಕಲಬುರಗಿಗಳಲ್ಲಿ ಈಗಾಗಲೇ ಇವೆ, ಅವುಗಳಿಗೆ ಬೆಂಗಳೂರಿನ ಅನುಮತಿ ಕಾಯದೆ ತೀರ್ಮಾನಿಸುವ ಪೂರ್ಣ ಅಧಿಕಾರ ಕೊಡಬಹುದು. ಕೃಷ್ಣಾ ಕಣಿವೆಯ ನೀರಾವರಿಯನ್ನು ನಿರ್ಧರಿಸುವವರು ಕೃಷ್ಣಾ ಕಣಿವೆಯಲ್ಲೇ ಕೂರಬಹುದು, ಮೀನುಗಾರಿಕೆಯ ನಿರ್ದೇಶಕರು ಕರಾವಳಿಯಲ್ಲಿ, ಕಾಫಿ–ಅಡಿಕೆಯ ವ್ಯವಹಾರ ಮಲೆನಾಡಿನಲ್ಲಿ. ಮುಂದಿನ ಬೆಳಗಾವಿ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ಮೇಲಿನ ವಿಶೇಷ ಚರ್ಚೆಗೆ ಎಷ್ಟು ಗಂಟೆ ಮೀಸಲು ಎಂದು ಶಾಸಕರು ಕೇಳುವುದರ ಬದಲು, ಅಧಿವೇಶನ ಮುಗಿದು ಕಾರುಗಳು ಬೆಂಗಳೂರಿನ ಕಡೆ ತಿರುಗಿದಾಗ ಯಾವ ಯಾವ ಇಲಾಖೆಯ ಮುಖ್ಯಸ್ಥರು ಅಲ್ಲೇ ಉಳಿಯುತ್ತಾರೆ ಎಂದು ಹೆಸರು ಹಿಡಿದು ಕೇಳಲಿ.